ಛಾಯೆಯೂ ವಸ್ತುವೂ: ಕನ್ನಡ ಸತ್ಯವೇದದಲ್ಲಿ ಯೆಹೂದ್ಯ ಪರ್ವಗಳ ಅರ್ಥವಿಚಾರ

ಯೆಹೂದ್ಯರ ಪರ್ವದಿನಗಳಿಂದ ಕ್ರೈಸ್ತಮತಾವಲಂಬಿಗಳಿಗೆ ಆಗತಕ್ಕ ಅರ್ಥಲಾಭವೇನೆಂಬ ಪ್ರಶ್ನೆಯನ್ನು ಆ ಮತದ ಉಪದೇಶಕರಿಗೇ ಬಿಟ್ಟುಬಿಡುವುದು ರೂಢಿ. ಆದರೆ ಈ ಪ್ರಶ್ನೆಯ ತಿರುಳು ಅರ್ಥನಿರ್ಣಯ. ಒಂದು ಜನಾಂಗವು ತನ್ನ ಬಿಡುಗಡೆಯ ಸ್ಮರಣೆಗೆಂದು ಆಚರಿಸಿದ ಹಬ್ಬವನ್ನು ಮತ್ತೊಂದು ಸಮುದಾಯವು ಬೇರೊಂದರ ಸೂಚನೆಯೆಂದು ಓದಿದರೆ, ಮೊದಲಿನ ಅರ್ಥವು ಉಳಿಯುವುದೋ ಅಳಿಯುವುದೋ? ಇದು ಅಲಂಕಾರಶಾಸ್ತ್ರವನ್ನು ಬಲ್ಲವರು ವಿಚಾರಿಸತಕ್ಕ ವಿಷಯ. ಅದರಲ್ಲಿಯೂ ಕನ್ನಡ ಕ್ರೈಸ್ತನು ಆ ಪರ್ವಗಳನ್ನು ಕಣ್ಣಾರೆ ಕಂಡವನಲ್ಲ. ಕನ್ನಡ ಸತ್ಯವೇದದ ಶಬ್ದಗಳ ಮೂಲಕವೇ ಅರಿತವನು. ಆದುದರಿಂದ ಶಬ್ದಪರೀಕ್ಷೆಯಿಲ್ಲದೆ ಅರ್ಥಪರೀಕ್ಷೆಯು ಸಾಗದು.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಆರಂಭಿಸಿದ ಭಾಷಾಂತರಕಾರ್ಯವು 1830ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಸಮಗ್ರ ಗ್ರಂಥವಾಗಿ ಪೂರೈಸಿತು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಷನ್ನಿನವರೂ ತಿದ್ದುಪಡಿಯಲ್ಲಿ ಪಾಲುಗೊಂಡರು. ಒಂದೊಂದು ಶಬ್ದದ ಹಿಂದೆಯೂ ವಾದವಿವಾದ ನಡೆದಿರಬೇಕು. ಇಲ್ಲಿ ಪ್ರಕೃತವಾದುದು ನೆಲೆನಿಂತ ಶಬ್ದಗಳು ಮಾತ್ರ.

ಮೊದಲು ಸೂತ್ರಪ್ರಾಯವಾದ ಶಬ್ದವನ್ನು ತೆಗೆದುಕೊಳ್ಳಬಹುದು. ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳು ಬರಲಿರುವುದರ ನೆರಳೆಂದೂ ಆ ನೆರಳಿನ ದೇಹವು ಕ್ರಿಸ್ತನದೆಂದೂ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದ ಅಭಿಪ್ರಾಯ. ಗ್ರೀಕಿನ ‘ಸ್ಕಿಯಾ’ ಎಂಬುದಕ್ಕೆ ಕನ್ನಡದಲ್ಲಿ ‘ಛಾಯೆ’ ಎಂಬ ಶಬ್ದ ಬಂದಿದೆ. ಅಮರಸಿಂಹನು ಛಾಯಾಶಬ್ದಕ್ಕೆ ಸೂರ್ಯಪತ್ನಿ, ಕಾಂತಿ, ಪ್ರತಿಬಿಂಬ, ಬಿಸಿಲಿಲ್ಲದ ತಾಣ ಎಂದು ನಾಲ್ಕು ಅರ್ಥಗಳನ್ನು ಹೇಳಿರುವನು. ಪ್ರಾಕೃತವಾಕ್ಯಕ್ಕೆ ಬರೆಯುವ ಸಂಸ್ಕೃತರೂಪಕ್ಕೂ ಛಾಯೆಯೆಂದೇ ಹೆಸರು. ನಾಟಕವನ್ನು ಪಾಠ ಹೇಳುವವರು ಛಾಯೆಯನ್ನು ಓದಿ ಅರ್ಥಮಾಡಿಕೊಂಡರೂ ಪಾತ್ರದ ಮಾತು ಪ್ರಾಕೃತವೇ ಎಂಬುದನ್ನು ಮರೆಯುವುದಿಲ್ಲ. ಕೇವಲ ಪೊಳ್ಳು, ಹುರುಳಿಲ್ಲದುದು ಎಂಬ ಹೀನಾರ್ಥವು ಇವುಗಳಲ್ಲಿ ಯಾವುದಕ್ಕೂ ಮುಖ್ಯವಲ್ಲ. ಭಾಷಾಂತರಕಾರರು ಇದನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಅವರ ಕೈಗೆ ಬಂದ ಶಬ್ದವು ಉಪದೇಶಕರ ವಾಡಿಕೆಯ ವ್ಯಾಖ್ಯಾನಕ್ಕಿಂತ ಉದಾರವಾದುದು.

ಇನ್ನು ವ್ಯಾಖ್ಯಾನ. ಆನಂದವರ್ಧನನ ವಿಭಾಗವು ಇಲ್ಲಿ ಚೆನ್ನಾಗಿ ಹೊಂದುತ್ತದೆ. ವಾಚ್ಯಾರ್ಥವನ್ನು ಸಂಪೂರ್ಣವಾಗಿ ತಳ್ಳಿಹಾಕಿದ ಮೇಲೆಯೇ ವ್ಯಂಗ್ಯವು ತೋರುವ ಧ್ವನಿಯೊಂದು, ಅದು ಅತ್ಯಂತತಿರಸ್ಕೃತವಾಚ್ಯ. ವಾಚ್ಯಾರ್ಥವು ಉದ್ದೇಶಿತವಾಗಿಯೇ ಉಳಿದು ಮತ್ತೊಂದರ ಕಡೆಗೆ ಕೈತೋರಿಸುವ ಧ್ವನಿ ಇನ್ನೊಂದು, ಅದು ವಿವಕ್ಷಿತಾನ್ಯಪರವಾಚ್ಯ. ಪಸ್ಕದ ಕುರಿಮರಿಯು ಕ್ರಿಸ್ತನನ್ನು ಸೂಚಿಸುವುದೆಂದು ಕ್ರೈಸ್ತರು ಹೇಳುವಾಗ, ಐಗುಪ್ತದ ದಾಸತ್ವದಿಂದ ಒಂದು ಜನಾಂಗವು ಬಿಡುಗಡೆ ಹೊಂದಿತೆಂಬ ವಾಚ್ಯವು ತಿರಸ್ಕೃತವೋ ವಿವಕ್ಷಿತವೋ ಎಂಬುದೇ ಪ್ರಶ್ನೆ. ತಿರಸ್ಕೃತವೆಂದರೆ ಸೂಚನೆಯೇ ನಿಲ್ಲದು. ದಾಸತ್ವವಾಗಲಿ ಬಿಡುಗಡೆಯಾಗಲಿ ನಿಜವಲ್ಲದಿದ್ದರೆ, ಅದು ಇನ್ನೊಂದು ಬಿಡುಗಡೆಯನ್ನು ಹೇಗೆ ಸೂಚಿಸೀತು? ಎರಡನೆಯ ಪಕ್ಷವೇ ಯುಕ್ತ.

ಹಳೆಯ ಮತದ ನೆಲೆಗೆ ಹೊಸ ಮತವು ಬಂದಾಗ ಏನಾಗುವುದೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ. ಸುಮಾರು 1200ರದೆಂದು ಎಣಿಸಲಾದ ಈ ಶಾಸನವನ್ನು ಫ್ಲೀಟ್ ಮಹಾಶಯನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದನು. ರಾಮಯ್ಯನು ಶಿರಸ್ಸನ್ನರಿದೊಪ್ಪಿಸಿ ಮರಳಿ ಪಡೆದುದು, ಜಿನಪ್ರತಿಮೆಯನ್ನು ಕೆಡವಿದುದು, ಬಿಜ್ಜಳನಿಂದ ಜಯಪತ್ರವನ್ನು ಪಡೆದುದು ಅದರಲ್ಲಿ ವರ್ಣಿತವಾಗಿವೆ. ಶಾಸನೋಕ್ತಿಯಲ್ಲಿ ಇತಿಹಾಸವೆಷ್ಟು, ಭಕ್ತಿಯೆಷ್ಟು ಎಂಬುದು ಬೇರೆಯ ಮಾತು. ಅಲ್ಲಿಯ ಮನೋಧರ್ಮ ಮಾತ್ರ ಸ್ಪಷ್ಟ: ಹಿಂದಿನದು ಬಿದ್ದರೆ ಮಾತ್ರ ಇಂದಿನದು ನಿಲ್ಲುವುದು. ಇದು ತಿರಸ್ಕಾರದ ಮಾರ್ಗ. ಅನ್ಯಮಾರ್ಗಕ್ಕೆ ಜೈನರಲ್ಲಿಯೇ ಉದಾಹರಣೆಯುಂಟು. ಪುನ್ನಾಟಸಂಘದ ಜಿನಸೇನನು ಶಕ 705ರಲ್ಲಿ, ಎಂದರೆ 783ರಲ್ಲಿ, ಮುಗಿಸಿದ ಹರಿವಂಶಪುರಾಣದಲ್ಲಿ ದೀಪಾವಳಿಯು ಮಹಾವೀರನ ನಿರ್ವಾಣದ ಸ್ಮರಣೆಯಾಗಿ ಕಾಣಿಸುತ್ತದೆ. ಅದೇ ರಾತ್ರಿ ಪಕ್ಕದ ಬೀದಿಯವರು ನರಕಾಸುರನ ಕಥೆಯನ್ನೋ ಬಲೀಂದ್ರನ ಕಥೆಯನ್ನೋ ನೆನೆದು ದೀಪ ಹಚ್ಚಿದರೆ ಜೈನನ ದೀಪವು ಆರುವುದಿಲ್ಲ.

ಕ್ರೈಸ್ತಲೋಕವು ಹೆಚ್ಚಾಗಿ ಹಿಡಿದುದು ಮೊದಲನೆಯ ಮಾರ್ಗವನ್ನೇ ಎಂದು ಹೇಳದೆ ವಿಧಿಯಿಲ್ಲ. ಏಷ್ಯಾಮೈನರಿನ ಕೆಲವು ಸಭೆಗಳು ಯೆಹೂದ್ಯರ ನಿಸಾನ್ ಮಾಸದ 14ನೆಯ ದಿನದಂದೇ ಪಸ್ಕವನ್ನು ಆಚರಿಸುತ್ತಿದ್ದವು. 325ರಲ್ಲಿ ನಿಕೇಯ ಸಭೆಯು ಯೆಹೂದ್ಯರ ಗಣನೆಯನ್ನು ಅನುಸರಿಸಕೂಡದೆಂದು ನಿರ್ಣಯಿಸಿತು. ಅಂತಿಯೋಕ್ಯದ ಕ್ರೈಸ್ತರು ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದರೆಂದು ಯೋಹಾನ ಕ್ರಿಸೊಸ್ತೊಮನು 386-387ರಲ್ಲಿ ಕಟುವಾದ ಉಪನ್ಯಾಸಗಳನ್ನು ಮಾಡಿದನು. ಪಂಡಿತರಿಗೆ ಬೇಡವಾದುದು ಪಾಮರರಿಗೆ ಬೇಕಾಗಿತ್ತೆಂಬುದು ಆ ಬೈಗುಳದಿಂದಲೇ ತಿಳಿದುಬರುತ್ತದೆ! ಮುಂದೆ ಯುರೋಪಿನಲ್ಲಿ ಪಸ್ಕದ ಕಾಲವೆಂದರೆ ಯೆಹೂದ್ಯರ ಮೇಲೆ ಶಿಶುಹತ್ಯೆಯ ಸುಳ್ಳು ಅಪವಾದ ಹೊರಿಸುವ ಕಾಲವೂ ಆಯಿತು. ವಾಚ್ಯವನ್ನು ತಿರಸ್ಕರಿಸಿದವರು ವಾಚ್ಯವನ್ನು ಹೊತ್ತ ಜನರನ್ನೂ ತಿರಸ್ಕರಿಸಿದರು. ದೇವರ ಕರೆಯು ಹಿಂತೆಗೆಯಲ್ಪಟ್ಟುದಲ್ಲವೆಂಬುದನ್ನು ರೋಮನ್ ಕಥೋಲಿಕ ಸಭೆಯು ಯೆಹೂದ್ಯರ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿದುದು 1965ರಷ್ಟು ತಡವಾಗಿ. ಅಲಂಕಾರಶಾಸ್ತ್ರದ ಒಂದು ಭೇದವು ಪ್ರಾಣಹಾನಿಯವರೆಗೆ ಹೋಗಬಲ್ಲುದೆಂದು ಧ್ವನ್ಯಾಲೋಕವನ್ನು ಓದುವಾಗ ಯಾರಿಗೂ ತೋರದು.

ಈ ಹಿನ್ನೆಲೆಯಲ್ಲಿ ಕನ್ನಡ ಶಬ್ದಗಳನ್ನು ಪರಿಶೀಲಿಸಬೇಕು. ವಾಚ್ಯವನ್ನು ಯಾವ ಶಬ್ದ ಉಳಿಸುತ್ತದೆ, ಯಾವುದು ಮರೆಸುತ್ತದೆ?

‘ಪಸ್ಕ’ ಎಂಬುದನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡಿದ್ದಾರೆ. ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಹಬ್ಬದ ಹೆಸರಿಗೂ ರಕ್ತ ಹಚ್ಚಿದ ಬಾಗಿಲುಗಳನ್ನು ದೇವರು ದಾಟಿಹೋದನೆಂಬ ಕ್ರಿಯಾಪದಕ್ಕೂ ಇಬ್ರಿಯದಲ್ಲಿ ಇರುವ ಶಬ್ದಸಂಬಂಧವು ಇದರಿಂದ ಕಾಣದಾಯಿತು. ‘ಸಂಕ್ರಮಣ’ವೆಂದು ಅನುವಾದಿಸಿದ್ದರೆ ಧಾತ್ವರ್ಥ ಸರಿಹೋಗುತ್ತಿತ್ತು, ಆದರೆ ಎಳ್ಳುಬೆಲ್ಲವೂ ಜೊತೆಗೆ ಬರುತ್ತಿತ್ತು. ಅಪರಿಚಿತವಾದ ಹೆಸರು ‘ಇದು ಮತ್ತೊಬ್ಬರ ಹಬ್ಬ’ ಎಂದು ಓದುಗನನ್ನು ಎಚ್ಚರಿಸುತ್ತದೆ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಆಯ್ಕೆಯೇ.

‘ಹುಳಿಯಿಲ್ಲದ ರೊಟ್ಟಿ’ಯ ಗತಿ ಬೇರೆ. ಹಿರೇಕೆರೂರಿನ ಒಕ್ಕಲಿಗನ ಮನೆಯಲ್ಲಿ ಜೋಳದ ರೊಟ್ಟಿಗೆ ಹುಳಿ ಹಾಕುವವರೇ ಇಲ್ಲ. ವರ್ಷದ ಅಷ್ಟೂ ದಿನ ಹುಳಿಯಿಲ್ಲದ ರೊಟ್ಟಿಯೇ. ಹುಳಿಯೆಂದರೆ ಅಲ್ಲಿ ಹುಣಿಸೆಯ ಹುಳಿ. ಹಿಟ್ಟು ಉಬ್ಬುವಷ್ಟೂ ಸಮಯವಿಲ್ಲದೆ ರಾತ್ರೋರಾತ್ರಿ ಹೊರಟ ದಾಸರ ಅವಸರವು ಈ ಓದುಗನಿಗೆ ಮುಟ್ಟದು. ಹಳೆಯ ಹುಳಿಯನ್ನು ತೆಗೆದುಹಾಕಿರೆಂದು ಪೌಲನು ಕೊರಿಂಥದವರಿಗೆ ಹೇಳಿದ ಮಾತೂ ಸಪ್ಪೆಯಾಗುತ್ತದೆ. ಈ ತೊಡಕನ್ನು ಕೊಂಕಣದ ಬೆನೆ ಇಸ್ರಾಯೇಲ ಯೆಹೂದ್ಯರು ಬಿಡಿಸಿಕೊಂಡ ರೀತಿ ನೆನೆಯತಕ್ಕದ್ದು. ಅನ್ನವನ್ನೇ ಉಣ್ಣುವ ಆ ಜನರು ಪಸ್ಕವನ್ನು ಮರಾಠಿಯಲ್ಲಿ ‘ಅನಾಶಿ ಢಾಕಾಚಾ ಸಣ’ ಎಂದು ಕರೆಯುತ್ತಿದ್ದರೆಂದು ಅವರದೇ ಇತಿಹಾಸಕಾರನಾದ ಹಯೀಮ್ ಸ್ಯಾಮುಯೆಲ್ ಕೆಹಿಮ್ಕರನು ಬರೆದಿರುವನು. ಹುಳಿಯ ಗಡಿಗೆಯನ್ನು ಮುಚ್ಚಿಡುವ ಹಬ್ಬವೆಂದು ಅದರ ಅರ್ಥ. ಮಹಾಪ್ರಾಯಶ್ಚಿತ್ತದ ದಿನಕ್ಕೆ ಅವರು ಬಾಗಿಲು ಮುಚ್ಚುವ ಹಬ್ಬವೆಂದು ಹೆಸರಿಟ್ಟಿದ್ದರು. ಆಚರಣೆಯಿಂದ ಹುಟ್ಟಿದ ಹೆಸರಿಗೆ ಇರುವ ಜೀವವು ಗ್ರಂಥದಿಂದ ಹುಟ್ಟಿದ ಹೆಸರಿಗೆ ಬರುವುದು ಕಷ್ಟ. ಅದೇ ದಿನಕ್ಕೆ ಸತ್ಯವೇದದಲ್ಲಿರುವ ‘ದೋಷಪರಿಹಾರಕ ದಿನ’ವೆಂಬುದು ಜೋಯಿಸರ ಗ್ರಹದೋಷವನ್ನು ನೆನಪಿಗೆ ತರುತ್ತದೆ, ಅಲ್ಲಿ ಇರಬೇಕಾದ ಪಾಪದ ಭಾರ ಅದರಲ್ಲಿಲ್ಲ. ‘ಪಂಚಾಶತ್ತಮ’ವು ಗ್ರೀಕಿನ ‘ಪೆಂತೆಕೊಸ್ತೆ’ಗೆ ಅಕ್ಷರಶಃ ಸರಿ, ಆದರೆ ಸಂಖ್ಯೆಯ ಹೊರತು ಬೇರೇನನ್ನೂ ಹೇಳದು.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ‘ಪರ್ಣಶಾಲೆಗಳ ಜಾತ್ರೆ’. ಇದರ ಎರಡು ಪದಗಳೂ ಬೆಲೆಯುಳ್ಳವು. ಇಬ್ರಿಯದ ‘ಹಗ್’ ಎಂಬುದು ಮನೆಯಲ್ಲಿ ಕುಳಿತು ಮಾಡುವ ಹಬ್ಬವಲ್ಲ. ಯಾತ್ರೆ ಹೋಗಿ ಮಾಡತಕ್ಕದ್ದು. ಅರಬ್ಬಿಯ ‘ಹಜ್’ ಅದರ ಸೋದರಶಬ್ದ. ಯಾತ್ರಾಶಬ್ದದ ತದ್ಭವವಾದ ಜಾತ್ರೆಯು ಅದಕ್ಕೆ ಎಷ್ಟು ಸಮೀಪವೋ ಇಂಗ್ಲಿಷಿನ ‘ಫೀಸ್ಟ್’ ಅಷ್ಟು ದೂರ. ಬಂಡಿ ಕಟ್ಟಿಕೊಂಡು ಮಕ್ಕಳುಮರಿಗಳೊಡನೆ ದೇವರ ಊರಿಗೆ ಹೋಗುವ ಚಿತ್ರವು ಕನ್ನಡ ಓದುಗನಿಗೆ ತಾನಾಗಿ ಒದಗುತ್ತದೆ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದಾಗ ಯೆಹೂದ್ಯರು ಏನನ್ನು ಕಳೆದುಕೊಂಡರೆಂಬುದೂ ಈ ಒಂದು ಶಬ್ದದಿಂದಲೇ ತಿಳಿಯುತ್ತದೆ: ದೇವರಿದ್ದಾನೆ, ಜಾತ್ರೆಗೆ ಊರಿಲ್ಲ.

‘ಪರ್ಣಶಾಲೆ’ಯ ವಿಷಯದಲ್ಲಿ ಗುಣದೋಷಗಳು ಕಲೆತಿವೆ. ಐಗುಪ್ತದಿಂದ ಹೊರಟವರು ಅರಣ್ಯದಲ್ಲಿ ಕಳೆದ ದಿನಗಳನ್ನು ನೆನೆಯಲೆಂದು ಏಳು ದಿನ ಎಲೆಯ ಗುಡಿಸಲಿನಲ್ಲಿರಬೇಕೆಂಬುದು ಯಾಜಕಕಾಂಡದ 23ನೆಯ ಅಧ್ಯಾಯದ ವಿಧಿ. ರಾಮಾಯಣವನ್ನು ಕೇಳಿದವನಿಗೆ ಪರ್ಣಶಾಲೆಯೆಂದೊಡನೆ ಪಂಚವಟಿಯ ವನವಾಸವು ನೆನಪಾಗುವುದರಿಂದ ಈ ವಾಚ್ಯವು ಚೆನ್ನಾಗಿ ಉಳಿಯಿತು. ಆದರೆ ಅದೇ ಇಬ್ರಿಯ ಶಬ್ದವನ್ನು ಯೆಶಾಯನು ತನ್ನ ಮೊದಲ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಗುಡಿಸಲಿಗೂ ಬಳಸಿದ್ದಾನೆ. ಋಷಿಯ ವಾಸನೆ ಹೊಡೆಯುವ ಪರ್ಣಶಾಲೆಯಲ್ಲಿ ಆ ರೈತನಿಗೆ ಸ್ಥಳವಿಲ್ಲ.

ಆ ರೈತನನ್ನು ಕಾಣಬೇಕಾದರೆ ಹಿರೇಕೆರೂರಿನ ಸೀಮೆಯ ಶೀಗಿ ಹುಣ್ಣಿಮೆಯಂದು ಹೊಲಕ್ಕೆ ಹೋಗಬೇಕು. ಯೆಹೂದ್ಯರ ಜಾತ್ರೆಯು ತಿಶ್ರಿ ಮಾಸದ 15ನೆಯ ದಿನ, ಎಂದರೆ ಹುಣ್ಣಿಮೆಯಂದು, ಮೊದಲಾಗುತ್ತದೆ. ಅವರ ಪಂಚಾಂಗವೂ 19 ವರ್ಷಗಳಲ್ಲಿ 7 ಅಧಿಕಮಾಸಗಳನ್ನು ಸೇರಿಸುವ ಚಾಂದ್ರಸೌರ ಪಂಚಾಂಗವಾದುದರಿಂದ ಕೆಲವು ವರ್ಷ ಭಾದ್ರಪದದ ಹುಣ್ಣಿಮೆಗೂ ಹಲವು ವರ್ಷ ಆಶ್ವಯುಜದ ಹುಣ್ಣಿಮೆಗೂ ಅದು ಕೂಡಿಬರುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 17ಕ್ಕೆ ಬಂದವು. ಆಶ್ವಯುಜದ ಈ ಹುಣ್ಣಿಮೆಯಂದೇ ಒಕ್ಕಲಿಗರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಬಯಲಲ್ಲೇ ಉಣ್ಣುವರು. ನೆರೆಯ ಮಲೆನಾಡಿನಲ್ಲಿ ಅದಕ್ಕೆ ಭೂಮಿ ಹುಣ್ಣಿಮೆಯೆಂದು ಹೆಸರು. ಎರಡು ಹಬ್ಬಗಳೂ ಒಂದೇ ಎಂದು ಹೇಳುವುದು ಅಜ್ಞಾನವಾದೀತು. ಅಲ್ಲಿ ಬೆಳೆ ಮನೆಗೆ ಬಂದ ಸಂತೋಷ, ಇಲ್ಲಿ ಪೈರು ಬಸಿರಾದ ಸಂಭ್ರಮ. ಆದರೂ ಹೊಲದಲ್ಲಿ ಕುಳಿತು ಉಂಡವನಿಗೆ ಆ ಹಬ್ಬದ ವಾಚ್ಯಾರ್ಥವನ್ನು ತಿಳಿಸಲು ವ್ಯಾಖ್ಯಾನಕಾರನು ಬೇಕಾಗಿಲ್ಲ. ವಿಚಿತ್ರವೇನೆಂದರೆ, ಪಸ್ಕವನ್ನೂ ಪಂಚಾಶತ್ತಮವನ್ನೂ ತನ್ನದಾಗಿಸಿಕೊಂಡ ಕ್ರೈಸ್ತಸಭೆಯು ಮೂರನೆಯ ಜಾತ್ರೆಯಾದ ಇದನ್ನು ತನ್ನ ವರ್ಷಚಕ್ರಕ್ಕೆ ತೆಗೆದುಕೊಳ್ಳಲಿಲ್ಲ. ಯೋಹಾನನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸುವು ಈ ಜಾತ್ರೆಗೇ ಹೋಗಿ ಅದರ ಕಡೆಯ ದಿನ ನೀರಿನ ಮಾತನ್ನಾಡುವನು. ಆ ಜಾತ್ರೆಯಲ್ಲಿ ಸಿಲೋವದ ಕೊಳದಿಂದ ನೀರು ತಂದು ಬಲಿಪೀಠದ ಬಳಿ ಎರೆಯುತ್ತಿದ್ದರೆಂಬುದನ್ನು ಅರಿಯದೆ ಆ ಮಾತನ್ನು ವ್ಯಾಖ್ಯಾನಿಸುವವರು ವಾಚ್ಯವಿಲ್ಲದೆ ವ್ಯಂಗ್ಯವನ್ನು ಹಿಡಿಯಹೊರಟವರು.

ಇತ್ತೀಚೆಗೆ ಇದಕ್ಕೆ ವಿರುದ್ಧವಾದ ಅತಿರೇಕವೂ ಹುಟ್ಟಿದೆ. ಕೆಲವು ಕ್ರೈಸ್ತಸಭೆಗಳು ಯೆಹೂದ್ಯರ ಪಸ್ಕದ ಭೋಜನವನ್ನೇ ಮಾಡಿ ಒಂದೊಂದು ಪದಾರ್ಥಕ್ಕೂ ಕ್ರಿಸ್ತಪರವಾದ ಅರ್ಥವನ್ನು ಹೇಳುತ್ತವೆ. ಆ ಭೋಜನಕ್ರಮದ ಬಹುಭಾಗವು ದೇವಾಲಯದ ನಾಶದ ಅನಂತರ ರೂಪುಗೊಂಡುದು. ಪ್ರೀತಿಯಿಂದ ಮಾಡಿದರೂ ಇದು ವಾಚ್ಯವನ್ನು ಉಳಿಸಿದಂತಲ್ಲ. ಅದನ್ನು ಆಡುವವನ ಬಾಯಿಂದ ಕಸಿದುಕೊಂಡಂತೆ.

ಸತ್ಯವೇದದ ಮುಂದಿನ ಪರಿಷ್ಕರಣವನ್ನು ಕೈಗೊಳ್ಳುವವರು ‘ಪಸ್ಕ’ವು ಮೊದಲು ಬಂದೆಡೆ ‘ದಾಟಿಹೋಗುವಿಕೆ’ ಎಂಬ ಅಡಿಟಿಪ್ಪಣಿಯನ್ನೂ, ‘ಹುಳಿಯಿಲ್ಲದ ರೊಟ್ಟಿ’ಗೆ ಹಿಟ್ಟು ಉಬ್ಬುವ ವಿವರವನ್ನೂ, ‘ಪರ್ಣಶಾಲೆ’ಗೆ ತೋಟದ ಗುಡಿಸಲೆಂಬ ಪಾಠಾಂತರವನ್ನೂ ಕೊಡಬಹುದು. ‘ಜಾತ್ರೆ’ಯನ್ನು ಗ್ರಾಮ್ಯವೆಂದು ತಿದ್ದುವ ಮನಸ್ಸಾದರೆ ಮಾತ್ರ ಒಮ್ಮೆ ‘ಹಗ್’ ಶಬ್ದದ ಅರ್ಥವನ್ನು ನೋಡಿಕೊಂಡು ಆಮೇಲೆ ಲೇಖನಿಯನ್ನು ಎತ್ತತಕ್ಕದ್ದು.