ಮಡಿಕೆ ಬಿಚ್ಚುವ ಕಣ್ಣು

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಕಳೆದ ಭಾನುವಾರ ನೆಂಟರ ಮನೆ ಜಗಲಿಯ ಮೇಲೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ನವೋದಯ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿದ್ದಳು. ಅದರ 80 ಪ್ರಶ್ನೆಗಳಲ್ಲಿ 40 ಬರೀ ಚಿತ್ರಗಳೇ. ಆ 40ಕ್ಕೆ 60 ನಿಮಿಷ.

“ದೊಡ್ಡಪ್ಪ, ಇದು ಯಾಕೆ ತಪ್ಪು?” ಎಂದಳು. ಚೌಕದ ಕಾಗದವನ್ನು ಎರಡು ಸಲ ಮಡಚಿ ಒಂದು ತೂತು ಹಾಕಿದೆ; ಬಿಚ್ಚಿದರೆ ಹೇಗೆ ಕಾಣುತ್ತದೆ? ನಾಲ್ಕು ತೂತು ಎಂದು ಲೆಕ್ಕ ಹಾಕಿ, ನಾಲ್ಕು ತೂತಿರುವ ಮೊದಲ ಚಿತ್ರಕ್ಕೆ ಗುರುತು ಹಾಕಿದ್ದಳು. ಪ್ರಶ್ನೆ ಕಟ್ಟುವವರ ಕುಶಲತೆ ಇರುವುದೇ ಇಲ್ಲಿ. ತಪ್ಪು ಉತ್ತರದಲ್ಲೂ ಲೆಕ್ಕ ಸರಿಯಿರುತ್ತದೆ, ಜಾಗ ತಪ್ಪಿರುತ್ತದೆ.

“ಉತ್ತರನೆಲ್ಲ ಕೈಲಿ ಮುಚ್ಕೊ ಮಗ,” ಎಂದೆ. “ಕೊನೇಲಿ ಮಡಚಿದ್ದನ್ನ ಮೊದಲು ಬಿಚ್ಚು. ಮಡಿಕೆ ಗೆರೇನೇ ಕನ್ನಡಿ. ಗೆರೆಯಿಂದ ತೂತು ಈ ಕಡೆ ಎಷ್ಟು ದೂರವೋ ಆ ಕಡೆಗೂ ಅಷ್ಟೇ.” ಒಂದು ಚುಕ್ಕಿ ಎರಡಾಯಿತು, ಎರಡು ನಾಲ್ಕಾಯಿತು. ಕೈ ತೆಗೆದಾಗ ಅವಳು ಬರೆದದ್ದೇ ಅಲ್ಲಿತ್ತು.

ಇಂಥ ಚಿತ್ರ ಪರೀಕ್ಷೆಗಳಲ್ಲಿ ಹೆಸರುವಾಸಿಯಾದದ್ದು ಜಾನ್ ರೇವನ್ 1938ರಲ್ಲಿ ಪ್ರಕಟಿಸಿದ್ದು. 12ರಂತೆ ಐದು ಗುಂಪು, ಒಟ್ಟು 60 ಚಿತ್ರ. ಪ್ರತಿಯೊಂದರಲ್ಲೂ ಒಂದು ತುಂಡು ಖಾಲಿ. ಬಿಡಿಸುವವರ ಕಣ್ಣಿನ ಚಲನೆಯನ್ನು ಅಳೆದ ಸಂಶೋಧಕರು ಎರಡು ದಾರಿ ಕಂಡರು. ಗಟ್ಟಿಗರು ಚಿತ್ರದ ಮೇಲೇ ಹೆಚ್ಚು ಹೊತ್ತು ನಿಂತು, ಖಾಲಿ ಜಾಗಕ್ಕೆ ಬರಬೇಕಾದದ್ದನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಆಮೇಲೆ ಉತ್ತರ ಹುಡುಕುತ್ತಾರೆ. ಎಡವುವವರ ಕಣ್ಣು ಚಿತ್ರಕ್ಕೂ ಉತ್ತರಗಳಿಗೂ ಅಲೆಯುತ್ತಲೇ ಇರುತ್ತದೆ.

ರೇವನ್ ಪರೀಕ್ಷೆಯ ಬೇರು ಚಾರ್ಲ್ಸ್ ಸ್ಪಿಯರ್‌ಮನ್ ಚಿಂತನೆಯಲ್ಲಿದೆ. ಎರಡು ವಸ್ತುಗಳ ನಡುವಿನ ಸಂಬಂಧವನ್ನು ಕಾಣುವುದೇ ಬುದ್ಧಿಯ ತಿರುಳು ಎಂದವರು ಅವರು. ಲಂಡನ್ನಿನಲ್ಲಿ ಅವರ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಜಗಲಿಯ ಮೇಲೆ ನಾವು ಹುಡುಕಿದ್ದೂ ಅಂಥ ಒಂದು ಸಂಬಂಧವನ್ನೇ: ಗೆರೆಗೂ ತೂತಿಗೂ ಇರುವ ನಂಟು.

ಪರೀಕ್ಷೆಯಲ್ಲಿ ಕಾಗದ ಮಡಚಿ ನೋಡುವಂತಿಲ್ಲ, ನಿಜ. ಆದರೆ ಮನೆಯಲ್ಲಿ ಹತ್ತಾರು ಸಲ ಮಡಚಿ ಬಿಚ್ಚಿದ ಕೈ ಅಲ್ಲಿ ಕಣ್ಣಿಗೆ ಆಸರೆಯಾಗುತ್ತದೆ. ಮಕ್ಕಳಿಗೆ ಗೈಡ್ ಕೊಡಿಸುವ ಮುಂಚೆ ಹಳೇ ಪೇಪರು, ಕತ್ತರಿ ಕೊಡಿ.

ನಾನು ಹೊರಡುವ ಹೊತ್ತಿಗೆ ಅವಳು ಪೇಪರಿನ ತುಂಡನ್ನು ಮೂರು ಸಲ ಮಡಚಿ, ಪೆನ್ಸಿಲಿನಿಂದ ಚುಚ್ಚಿ, ತಮ್ಮನ ಮುಂದೆ ಹಿಡಿದಿದ್ದಳು. “ಎಂಟು!” ಎಂದು ಕೂಗಿದ ಅವನು.

“ಎಷ್ಟು ಅಂತಲ್ಲ ಕಣೋ. ಎಲ್ಲೆಲ್ಲಿ ಅಂತ ಹೇಳು.”