ತೆಗೆದು ಮತ್ತೆ ಹಾಕುವ ವಿದ್ಯೆ

ಟ್ರಯಲ್ ಮುಗಿಯಿತು, ದುಡ್ಡು ಕೊಟ್ಟು ಕೀ ತಂದದ್ದಾಯಿತು, ಆದರೂ ವರ್ಡ್ ತೆರೆಯುತ್ತಿಲ್ಲ. ಈ ದೂರಿಗೆ ಅಂಗಡಿಯ ಹುಡುಗನಿಂದ ಹಿಡಿದು ಕಂಪ್ಯೂಟರ್ ಮೇಷ್ಟರವರೆಗೆ ಎಲ್ಲರ ಉತ್ತರ ಒಂದೇ: ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ.’ ಈ ಸಲಹೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಫೈಲುಗಳೇ ಕೆಟ್ಟಿದ್ದರೆ ಅದು ಫಲಿಸುತ್ತದೆ, ಒಪ್ಪೋಣ. ಆದರೆ ಕೆಟ್ಟದ್ದು ಏನೆಂದು ಅದು ಕೇಳುವುದೇ ಇಲ್ಲ. ಆನ್‌ಲೈನ್ ರಿಪೇರಿಯದೂ ಇದೇ ಹಾದಿ. ಇಡೀ ಆಫೀಸನ್ನು ಮತ್ತೆ ಇಳಿಸಿಕೊಳ್ಳಬೇಕು. ನೆಟ್‌ವರ್ಕ್ ಮಂದವಿರುವ ಊರಿನಲ್ಲಿ ಅರ್ಧ ದಿನದ ಕೆಲಸ ಅಲ್ಲಿಗೆ ಹೋಯಿತು.

ಕೆಟ್ಟದ್ದು ಏನೆಂದು ತಿಳಿಯುವ ಪರೀಕ್ಷೆಯ ಮೊದಲ ಹೆಜ್ಜೆ ಸರಳ. ಕಂಟ್ರೋಲ್ ಕೀ ಒತ್ತಿ ಹಿಡಿದು ವರ್ಡ್ ಐಕಾನ್ ಒತ್ತಿದರೆ ಸೇಫ್ ಮೋಡ್. ಅಲ್ಲಿ ತೆರೆದುಕೊಂಡರೆ ತೊಂದರೆ ಹೆಚ್ಚಾಗಿ ಯಾವುದೋ ಆಡ್-ಇನ್‌ನದು ಅಥವಾ ನಾರ್ಮಲ್ ಟೆಂಪ್ಲೇಟಿನದು. ಇವೆರಡೂ ಸಾಮಾನ್ಯ ಅನ್‌ಇನ್‌ಸ್ಟಾಲಿನಲ್ಲಿ ಅಳಿಯದೆ ಉಳಿದುಬಿಡಬಹುದು. ಹಾಗಾದಾಗ ಮರುಸ್ಥಾಪನೆ ರೋಗದ ಹತ್ತಿರಕ್ಕೂ ಹೋಗುವುದಿಲ್ಲ.

ವರ್ಡ್ ತೆರೆದು, ಲೈಸೆನ್ಸ್ ಕೇಳಿ, ಎಡಿಟ್ ಮಾಡಲು ಬಿಡದಿದ್ದರೆ ಮಾತು ಬೇರೆ. ಯಾರೂ ಹೊಗಳದ ಒಂದು ಪುಟ್ಟ ಸ್ಕ್ರಿಪ್ಟು ಅಲ್ಲಿ ನೆರವಾಗುತ್ತದೆ. ಪ್ರೋಗ್ರಾಂ ಫೈಲ್ಸ್ ಒಳಗಿನ ಆಫೀಸ್16 ಫೋಲ್ಡರಿನಲ್ಲಿರುವ ಅದರ ಹೆಸರು ಒಎಸ್‌ಪಿಪಿ.ವಿಬಿಎಸ್. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ಡಿಸ್ಟೇಟಸ್’ ಸ್ವಿಚ್ ಕೊಟ್ಟು ಇದನ್ನು ಓಡಿಸಿದರೆ ಯಂತ್ರದಲ್ಲಿರುವ ಕೀಗಳ ಪಟ್ಟಿ ಬರುತ್ತದೆ. ಒಂದೊಂದರ ಎದುರು ಲೈಸೆನ್ಸಿನ ಹೆಸರು, ವಿವರ, ಸ್ಥಿತಿ. ಕೊನೆಗೆ ಕೀಯ ಕಡೆಯ 5 ಅಕ್ಷರ. ಟ್ರಯಲ್‌ನಿಂದ ಮೇಲೇರಿದ ಯಂತ್ರದಲ್ಲಿ ಎರಡು ನಮೂದು ಕಾಣಬಹುದು. ಒಂದರ ವಿವರದಲ್ಲಿ ‘ಗ್ರೇಸ್’, ಸ್ಥಿತಿಯಲ್ಲಿ ‘ನೋಟಿಫಿಕೇಷನ್ಸ್’, ಇನ್ನೊಂದರಲ್ಲಿ ‘ಲೈಸೆನ್ಸ್ಡ್’. ಹಣ ಕೊಟ್ಟ ಕೀ ಒಳಗೆ ಕೂತಿದೆ, ಅವಧಿ ಮುಗಿದ ಹಳೆಯದೂ ಬಿಟ್ಟುಹೋಗಿಲ್ಲ. ‘ಅನ್‌ಪಿಕೀ’ ಸ್ವಿಚ್ಚಿಗೆ ಹಳೆಯದರ 5 ಅಕ್ಷರ ಕೊಟ್ಟರೆ ಆ ಕೀ ಒಂದೇ ಹೋಗುತ್ತದೆ. ಹಾಕಿದ ಆಫೀಸ್ ಹಾಗೆಯೇ ಇರುತ್ತದೆ. ಎರಡನೇ ನಮೂದೇ ಇಲ್ಲದಿದ್ದರೆ ಹೊಸ ಕೀ ಸೇರಿಯೇ ಇಲ್ಲವೆಂದು ತಿಳಿಯುತ್ತದೆ, ಅದೂ ರೋಗನಿರ್ಣಯವೇ. ಈಚಿನ ಮೈಕ್ರೋಸಾಫ್ಟ್ 365 ಚಂದಾದ ಲೈಸೆನ್ಸ್ ಈ ಪಟ್ಟಿಯಲ್ಲಿ ಕಾಣದೆ ಹೋಗಬಹುದು. ಅದಕ್ಕೆ ಅದೇ ಫೋಲ್ಡರಿನಲ್ಲಿ ವಿನೆಕ್ಸ್ಟ್‌ಡಯಾಗ್ ಎಂಬ ಬೇರೆ ಸ್ಕ್ರಿಪ್ಟು ಇದೆ.

‘ಕಪ್ಪು ಪರದೆ ಸಾಮಾನ್ಯರಿಗಲ್ಲ’ ಎನ್ನುವವರಿದ್ದಾರೆ. ಅವರ ವಾದ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ನುಡಿ, ಬರಹ ತಂತ್ರಾಂಶಗಳ ಕೀಲಿಮಣೆ ಕಲಿತು, ಫಾಂಟು ಬದಲಿಸಿ, ಯೂನಿಕೋಡಿಗೆ ಪಠ್ಯ ಪರಿವರ್ತಿಸಿಕೊಂಡು ವರ್ಷಗಟ್ಟಲೆ ಡಿಟಿಪಿ ಮಾಡಿದ ಕನ್ನಡಿಗರಿಗೆ ಎರಡು ಸಾಲು ಓದಲು ಬರುವುದಿಲ್ಲವೇ? ಓದಲು ಬರುವುದಿಲ್ಲವೆಂದು ಮೊದಲೇ ತೀರ್ಮಾನಿಸಿ, ಅರ್ಧ ದಿನದ ಮರುಸ್ಥಾಪನೆಯನ್ನು ಅವರ ತಲೆಗೆ ಕಟ್ಟುವುದೇ ಅವಮಾನ. ‘ಲಿಬ್ರೆಆಫೀಸ್ ಹಾಕಿಕೊಳ್ಳಿ’ ಎನ್ನುವವರದ್ದು ಇನ್ನೊಂದು ಅತಿ. ಅದು ಒಳ್ಳೆಯ ತಂತ್ರಾಂಶ, ಉಚಿತವೂ ಹೌದು. ಆದರೆ ದುಡ್ಡು ಕೊಟ್ಟು ತಂದ ಲೈಸೆನ್ಸ್ ಏಕೆ ಕೆಲಸ ಮಾಡುತ್ತಿಲ್ಲ ಎಂದು ಕೇಳಿದವನಿಗೆ ಅದು ಉತ್ತರವಲ್ಲ.

ಮುಂದಿನ ಸಲ ಯಾರಾದರೂ ‘ತೆಗೆದು ಹಾಕಿ’ ಎಂದರೆ, ತೆಗೆಯುವ ಮೊದಲು ಆ ಪಟ್ಟಿ ತೋರಿಸಿ ಎಂದು ಕೇಳಿ.