ಬೆಳಗಾವಿ ರೈಲಿನ ವೇಗ: ಒಂದು ವಿಮರ್ಶೆ

2025ರ ಆಗಸ್ಟ್ 10ರಂದು ಬೆಳಗಾವಿ–ಬೆಂಗಳೂರು ವಂದೇ ಭಾರತ್ ರೈಲಿಗೆ ಪ್ರಧಾನ ಮಂತ್ರಿಗಳು ಹಸಿರು ನಿಶಾನೆ ತೋರಿದರು. ಅದಕ್ಕೆ ಮೊದಲು ಬೆಳಗಾವಿಯವರ ಬೇಡಿಕೆ ಇದ್ದದ್ದು ಹೊಸ ರೈಲಿಗಲ್ಲ. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲನ್ನೇ ಮುಂದಕ್ಕೆ ವಿಸ್ತರಿಸಿ ಎಂದು ಅವರು ಕೇಳುತ್ತಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿಯವರೆಗೆ ಪ್ರಾಯೋಗಿಕ ಓಟವೂ ನಡೆಯಿತು. ಆದರೆ ವಿಸ್ತರಣೆ ಜಾರಿಗೆ ಬರಲಿಲ್ಲ.

ಈ ರೈಲಿನ ಮಾತು ಬಂದಾಗಲೆಲ್ಲ ಗಂಟೆಗೆ 160 ಕಿ.ಮೀ. ಎಂಬ ಸಂಖ್ಯೆಯೂ ಬರುತ್ತದೆ. ಅದು ಯಂತ್ರದ ಸಾಮರ್ಥ್ಯ. ಬೆಳಗಾವಿಯ ಮಟ್ಟಿಗೆ ಇದಕ್ಕಿಂತ ಕಡಿಮೆ ಉಪಯೋಗದ ಸಂಖ್ಯೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೇಕೆ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಒಂಬತ್ತನೇ ತರಗತಿಯ ಚಲನೆಯ ಪಾಠ ಸಾಕು. (ಪಠ್ಯಪುಸ್ತಕದಲ್ಲಿ ಇದನ್ನು ಜವ ಎನ್ನುತ್ತೇವೆ. ರೈಲಿನ ವಿಷಯದಲ್ಲಿ ಎಲ್ಲರೂ ವೇಗ ಎಂದೇ ಹೇಳುವುದರಿಂದ ಇಲ್ಲಿಯೂ ಹಾಗೆಯೇ ಬಳಸಿದ್ದೇನೆ.)

ಆರಂಭದಲ್ಲಿ ಪ್ರಕಟವಾದ ವೇಳಾಪಟ್ಟಿಯಂತೆ ರೈಲು ಬೆಳಗಾವಿಯನ್ನು ಬೆಳಿಗ್ಗೆ 5:20ಕ್ಕೆ ಬಿಟ್ಟು ಬೆಂಗಳೂರನ್ನು ಮಧ್ಯಾಹ್ನ 1:50ಕ್ಕೆ ತಲುಪುತ್ತದೆ. ದೂರ ಸುಮಾರು 610 ಕಿ.ಮೀ., ಸಮಯ ಎಂಟೂವರೆ ಗಂಟೆ. ಸರಾಸರಿ ವೇಗ ಗಂಟೆಗೆ 72 ಕಿ.ಮೀ. ಆಯಿತು. ಬೆಳಗಾವಿಯಿಂದ ಧಾರವಾಡದವರೆಗಿನ ಭಾಗವನ್ನಷ್ಟೇ ತೆಗೆದುಕೊಳ್ಳಿ. ಸುಮಾರು 121 ಕಿ.ಮೀ. ದೂರಕ್ಕೆ 108 ನಿಮಿಷ, ಅಂದರೆ ಗಂಟೆಗೆ 67 ಕಿ.ಮೀ. ನಡುವೆ ಒಂದೂ ನಿಲುಗಡೆ ಇಲ್ಲದಿದ್ದರೂ ಇಷ್ಟೇ.

ಕಾರಣ ತಿಳಿಯಲು ಭೂಪಟ ಬಿಡಿಸಿ. ಬೆಳಗಾವಿಯಿಂದ ಹಳಿ ದೇಸೂರು, ಖಾನಾಪುರ, ಗುಂಜಿಗಳ ಮೂಲಕ ದಕ್ಷಿಣಕ್ಕೆ ಇಳಿದು ಲೋಂಡಾ ಸೇರುತ್ತದೆ. ಅಲ್ಲಿಂದ ಹೊರಳಿ ಅಳ್ನಾವರದ ಮೇಲೆ ಧಾರವಾಡಕ್ಕೆ ಬರುತ್ತದೆ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯವರು ಇಲ್ಲಿ ಮೀಟರ್ ಗೇಜ್ ಹಳಿ ಹಾಕಿದಾಗ ಅವರ ಕಣ್ಣಿದ್ದದ್ದು ಗೋವೆಯ ಮರ್ಮಗೋವಾ ಬಂದರಿನ ಮೇಲೆ. ಹತ್ತಿ ಮುಂತಾದ ಸರಕು ಸಮುದ್ರ ಸೇರಬೇಕಿತ್ತು. ಧಾರವಾಡದ ಕಡೆಯದೂ ಬೆಳಗಾವಿಯ ಕಡೆಯದೂ ಲೋಂಡಾದಲ್ಲಿ ಕೂಡಿ ಘಟ್ಟ ಇಳಿಯುವುದು ಅಂದಿನ ಉದ್ದೇಶಕ್ಕೆ ಸರಿಯಾಗಿತ್ತು. 1990ರ ದಶಕದಲ್ಲಿ ಗೇಜ್ ಬದಲಾಯಿತು, ಆಮೇಲೆ ಹಳಿ ಜೋಡಿಯಾಯಿತು, ವಿದ್ಯುತ್ ತಂತಿ ಬಂತು. ದಾರಿಯ ಆಕಾರ ಮಾತ್ರ ಹಾಗೆಯೇ ಉಳಿಯಿತು.

ತ್ರಿಕೋನದ ಯಾವುದೇ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚು ಎಂದು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆ ಪ್ರಮೇಯಕ್ಕೆ ಬೆಳಗಾವಿ–ಲೋಂಡಾ–ಧಾರವಾಡಕ್ಕಿಂತ ಒಳ್ಳೆಯ ಉದಾಹರಣೆ ಈ ಜಿಲ್ಲೆಯ ಶಿಕ್ಷಕರಿಗೆ ಸಿಗಲಾರದು. ಮೂರನೆಯ ಬಾಹುವೇ ಕಿತ್ತೂರಿನ ಮೂಲಕ ಹೋಗುವ 73 ಕಿ.ಮೀ. ನೇರ ಮಾರ್ಗ. ಬೆಳಗಾವಿಯವರೇ ಆದ ಸುರೇಶ ಅಂಗಡಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಈ ಮಾರ್ಗಕ್ಕಾಗಿ ಶ್ರಮಿಸಿದರು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅಂದಾಜು ವೆಚ್ಚ ಸುಮಾರು 927 ಕೋಟಿ ರೂಪಾಯಿ. ಜಮೀನನ್ನೂ ಅರ್ಧ ವೆಚ್ಚವನ್ನೂ ರಾಜ್ಯ ಕೊಡಬೇಕೆಂದು ಒಪ್ಪಂದ. ಫಲವತ್ತಾದ ಹೊಲ ಹೋಗುತ್ತದೆಂದು ನಂದಿಹಳ್ಳಿ, ಗರ್ಲಗುಂಜಿ ಕಡೆಯ ರೈತರು ವಿರೋಧಿಸಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಈಗ ಹೋಲಿಸಿ. ನೇರ ಮಾರ್ಗದಲ್ಲಿ ಇದೇ 67 ಕಿ.ಮೀ. ಸರಾಸರಿಯಲ್ಲಿ ಓಡಿದರೆ 65 ನಿಮಿಷ ಸಾಕು, 43 ನಿಮಿಷ ಉಳಿಯುತ್ತದೆ. ಈಗಿನ ದಾರಿಯಲ್ಲೇ 65 ನಿಮಿಷಕ್ಕೆ ತಲುಪಬೇಕೆಂದರೆ ಸರಾಸರಿಯೇ ಗಂಟೆಗೆ 112 ಕಿ.ಮೀ. ಆಗಬೇಕು.

ಅದು ಏಕೆ ಸುಲಭವಲ್ಲ? ತಿರುವಿನಲ್ಲಿ ರೈಲಿಗೆ ಕೇಂದ್ರಾಭಿಮುಖ ಬಲ ಬೇಕು. ಹೊರಹಳಿಯನ್ನು ಒಳಹಳಿಗಿಂತ ಕೊಂಚ ಎತ್ತರಿಸಿ ಅದರಲ್ಲಿ ಒಂದು ಪಾಲನ್ನು ಒದಗಿಸುತ್ತಾರೆ. ಇದನ್ನು ಬೇಕಾದಷ್ಟು ಎತ್ತರಿಸಲಾಗದು, ಏಕೆಂದರೆ ಅದೇ ಹಳಿಯ ಮೇಲೆ ನಿಧಾನವಾಗಿ ಗೂಡ್ಸ್ ಗಾಡಿಯೂ ಬರುತ್ತದೆ. ಉದಾಹರಣೆಗೆ 437 ಮೀಟರ್ ತ್ರಿಜ್ಯದ ತಿರುವು ಇದೆ ಎನ್ನಿ. ಹೊರಹಳಿಯನ್ನು 75 ಮಿ.ಮೀ. ಎತ್ತರಿಸಿ, ಇನ್ನೂ 75 ಮಿ.ಮೀ.ನಷ್ಟು ಕೊರತೆಯನ್ನು ಪ್ರಯಾಣಿಕರು ಸಹಿಸಬಲ್ಲರು ಎಂದು ಒಪ್ಪಿಕೊಂಡರೆ ಸುರಕ್ಷಿತ ವೇಗ ಗಂಟೆಗೆ ಸುಮಾರು 69 ಕಿ.ಮೀ. ಈ ಲೆಕ್ಕದಲ್ಲಿ ಎಂಜಿನ್ನಿನ ಶಕ್ತಿ ಎಲ್ಲಿಯೂ ಬರುವುದಿಲ್ಲ, ರೈಲಿನ ರಾಶಿಯೂ ಬರುವುದಿಲ್ಲ. ತಿರುವಿಗೆ ವಂದೇ ಭಾರತ್ ಕೂಡ ಒಂದೇ, ಹಳೆಯ ಪ್ಯಾಸೆಂಜರ್ ಕೂಡ ಒಂದೇ. ಹೊಸ ರೈಲಿನ ಲಾಭವೆಂದರೆ ತಿರುವು ದಾಟಿದ ಮೇಲೆ ಬೇಗ ವೇಗ ಪಡೆಯುತ್ತದೆ ಎಂಬುದಷ್ಟೇ.

ಹೊಸ ರೈಲಿನ ವೇಳಾಪಟ್ಟಿಯ ವಿಷಯ. ಹಳೆಯ ಬೇಡಿಕೆಯಂತೆ ಧಾರವಾಡದ ರೈಲನ್ನೇ ಎಳೆದಿದ್ದರೆ ಏನಾಗುತ್ತಿತ್ತು? ಆರಂಭದ ವೇಳಾಪಟ್ಟಿಯಲ್ಲಿ ಅದು ಬೆಂಗಳೂರನ್ನು ಬೆಳಿಗ್ಗೆ 5:45ಕ್ಕೆ ಬಿಟ್ಟು ಧಾರವಾಡವನ್ನು 12:10ಕ್ಕೆ ಸೇರುತ್ತಿತ್ತು. ಅಲ್ಲಿಂದ 108 ನಿಮಿಷ ಕೂಡಿಸಿದರೆ ಬೆಳಗಾವಿಗೆ ಎರಡು ಗಂಟೆ. ಅರ್ಧ ಗಂಟೆ ನಿಂತು ಹೊರಟರೆ ಬೆಂಗಳೂರಿಗೆ ರಾತ್ರಿ ಹನ್ನೊಂದರ ಹೊತ್ತು. ಒಂದೇ ರೈಲು ದಿನಕ್ಕೆ ಹದಿನೇಳು ಗಂಟೆ ದುಡಿಯಬೇಕು. ಈಗಿನ ರೈಲೂ ಬೆಳಿಗ್ಗೆ 5:20ರಿಂದ ರಾತ್ರಿ 10:40ರವರೆಗೆ ಅಷ್ಟೇ ದುಡಿಯುತ್ತದೆ. ಬದಲಾದದ್ದು ಅದು ರಾತ್ರಿ ತಂಗುವ ಊರು. ಬೆಂಗಳೂರಿನ ಬದಲು ಬೆಳಗಾವಿಯಲ್ಲಿ ತಂಗುವುದರಿಂದ ಇಲ್ಲಿಯವರಿಗೆ ಬೆಳಗಿನ ಹೊರಡುವಿಕೆ ಸಿಕ್ಕಿತು. ಇದು ಒಳ್ಳೆಯ ಬದಲಾವಣೆ, ಮೆಚ್ಚಬೇಕಾದದ್ದು.

ಆದರೆ ರಾಜಧಾನಿಯಲ್ಲಿ ರೈಲು ನಿಲ್ಲುವುದು 1:50ರಿಂದ 2:20ರವರೆಗೆ, ಅರ್ಧ ಗಂಟೆ. ಹೋಗಿ ಕೆಲಸ ಮುಗಿಸಿ ಅಂದೇ ಮರಳುವ ಪ್ರಶ್ನೆಯೇ ಇಲ್ಲ. ಹೈಕೋರ್ಟಿನಲ್ಲೋ ವಿಧಾನಸೌಧದಲ್ಲೋ ಕೆಲಸವಿದ್ದವರಿಗೆ ರಾತ್ರಿ ಮಲಗಿ ಬೆಳಿಗ್ಗೆ ಇಳಿಸುವ ರೈಲೇ ಇನ್ನೂ ಹೆಚ್ಚು ಅನುಕೂಲ. ಸಮಯ ಉಳಿಸುವುದು ಎಂದರೆ ಪ್ರಯಾಣದ ಗಂಟೆಗಳನ್ನು ಮಾತ್ರ ಎಣಿಸುವುದಲ್ಲ. ತಲುಪಿದ ಮೇಲೆ ಉಪಯೋಗಕ್ಕೆ ಬರುವ ಗಂಟೆಗಳನ್ನೂ ಎಣಿಸಬೇಕು.

ಖಾನಾಪುರದ ಸ್ಥಿತಿ ಇನ್ನೂ ವಿಚಿತ್ರ. ಈ ರೈಲು ಹತ್ತಬೇಕಾದ ಖಾನಾಪುರದವರು ನಸುಕಿನಲ್ಲಿ 25 ಕಿ.ಮೀ. ಉತ್ತರಕ್ಕೆ ಬೆಳಗಾವಿಗೆ ಬರಬೇಕು. ಹತ್ತಿ ಕುಳಿತ ಅರ್ಧ ಗಂಟೆಯೊಳಗೆ ಅದೇ ರೈಲು ಅವರೂರಿನ ನಿಲ್ದಾಣವನ್ನು ದಾಟಿ ಹೋಗುತ್ತದೆ! 2024ರ ಸೆಪ್ಟೆಂಬರಿನಲ್ಲಿ ಶುರುವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲಿಗೂ ಖಾನಾಪುರದಲ್ಲಿ ನಿಲುಗಡೆ ಕೊಡಲಿಲ್ಲ.

ಒಂದು ನಿಲುಗಡೆಗೆ ಎಷ್ಟು ಸಮಯ ಹೋಗುತ್ತದೆ? ಗಂಟೆಗೆ 100 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಅರ್ಧ ಮೀಟರಿನಂತೆ ವೇಗ ಇಳಿಸಿದರೆ ನಿಲ್ಲಲು 56 ಸೆಕೆಂಡು ಬೇಕು. ಆ ದೂರವನ್ನು ಪೂರ್ಣ ವೇಗದಲ್ಲಿ ಅರ್ಧ ಸಮಯದಲ್ಲಿ ದಾಟಬಹುದಿತ್ತು, ಹಾಗಾಗಿ ನಷ್ಟ 28 ಸೆಕೆಂಡು. ಮತ್ತೆ ವೇಗ ಪಡೆಯುವಾಗಲೂ ಅಷ್ಟೇ. ಎರಡು ನಿಮಿಷ ನಿಂತರೂ ಒಟ್ಟು ಮೂರು ನಿಮಿಷಕ್ಕೆ ಮೀರದು. 510 ನಿಮಿಷಗಳ ಪ್ರಯಾಣದಲ್ಲಿ ಇದು ಗಣನೆಗೆ ಬಾರದು.

ಹೀಗೆಂದು ನಾನು ಖಾನಾಪುರದ ಪರವಾಗಿ ಈ ನಿಲುಗಡೆಯನ್ನೇ ಮೊದಲ ಬೇಡಿಕೆಯಾಗಿ ಇಡಲಾರೆ. ಖಾನಾಪುರದಿಂದ ದಿನವೂ ಬೆಳಗಾವಿಗೆ ಬರುವವರು ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಬರುವವರು, ಕೂಲಿಯವರು. ಇವರಿಗೆ ಬೇಕಾದದ್ದು ಸಾಮಾನ್ಯ ದರದ, ಹೊತ್ತಿಗೆ ಸರಿಯಾದ ರೈಲು. ಕೋವಿಡ್ ನಂತರ ಪ್ಯಾಸೆಂಜರ್ ರೈಲುಗಳನ್ನು ವಿಶೇಷ ಎಕ್ಸ್‌ಪ್ರೆಸ್ ಎಂದು ಓಡಿಸಿದಾಗ ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತ್ತು. ಅದು ಇಳಿದದ್ದು 2024ರ ಫೆಬ್ರುವರಿಯಲ್ಲಿ. ಆ ವರ್ಷಗಳಲ್ಲಿ ಇವರ ಜೇಬಿಗೆ ತಟ್ಟಿದ ಸಂಖ್ಯೆ ಇದು, 160 ಅಲ್ಲ.

ಇನ್ನೊಂದು ಚಿಂತೆ ಇದೆ. ಕಿತ್ತೂರು ಮಾರ್ಗ ಮುಗಿದ ದಿನ ಬೆಳಗಾವಿ–ಬೆಂಗಳೂರು ರೈಲುಗಳು ಸಹಜವಾಗಿ ಅತ್ತ ಹೊರಳುತ್ತವೆ. ತ್ರಿಕೋನದ ಮೂರನೆಯ ಬಾಹು ಸಿಕ್ಕಿದ ಮೇಲೆ ಉಳಿದೆರಡರಲ್ಲಿ ಓಡುವವರು ಯಾರು? ಖಾನಾಪುರ, ಲೋಂಡಾ, ಅಳ್ನಾವರಗಳು ಇದ್ದ ರೈಲನ್ನೂ ಕಳೆದುಕೊಳ್ಳಬಹುದು. ನೇರ ಮಾರ್ಗ ಬೇಕೇ ಬೇಕು. ಅದರ ಜೊತೆಗೇ ಈ ಊರುಗಳ ರೈಲುಗಳನ್ನೂ ಈಗಲೇ ಬರೆದು ಕೊಡಬೇಕು.

ಅದು ದುಬಾರಿಯೇನಲ್ಲ. ಲೋಂಡಾ–ಬೆಳಗಾವಿ 51 ಕಿ.ಮೀ. 2023ರ ಫೆಬ್ರುವರಿ 27ರಂದು ಲೋಕಾರ್ಪಣೆಯಾದ ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಹಳಿ ಇದೆ, ಮೇಲೆ ತಂತಿಯೂ ಇದೆ. ಒಂದು ಮೆಮು ರೈಲು ಎಲ್ಲ ನಿಲ್ದಾಣಗಳಲ್ಲಿ ನಿಂತು ಸರಾಸರಿ 45 ಕಿ.ಮೀ. ವೇಗದಲ್ಲಿ ಹೋದರೆ 68 ನಿಮಿಷ. ಎರಡೂ ತುದಿಯಲ್ಲಿ ಕಾಲು ಗಂಟೆ ನಿಂತರೂ ಒಂದು ಸುತ್ತು ಮೂರು ಗಂಟೆಯೊಳಗೆ ಮುಗಿಯುತ್ತದೆ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಐದು ಸುತ್ತು ಬರಬಹುದು. ಅವುಗಳಲ್ಲಿ ಒಂದಾದರೂ ಲೋಂಡಾವನ್ನು ಏಳೂಮುಕ್ಕಾಲಿಗೆ ಬಿಟ್ಟರೆ ಒಂಬತ್ತರೊಳಗೆ ಬೆಳಗಾವಿಯಲ್ಲಿರುತ್ತದೆ.